ಹಡಗು ಹತ್ತುವ ಮುಂಚಿನ ಎರಡು ರಾತ್ರಿ: ಬಾರ್ಸಿಲೋನಾ, ರೋಮ್, ಅಥೆನ್ಸ್, ವೆನಿಸ್ ಪೈಕಿ ನಿಮಗೆ ಯಾವುದು?

ಕ್ರೂಸ್ ಹೋಗುವುದು ಅಂತ ಆಯ್ತು. ಹಡಗು ಶನಿವಾರ ಸಂಜೆ ಹೊರಡುತ್ತದೆ. ಗುರುವಾರವೇ ಹೋಗಿ ಎರಡು ರಾತ್ರಿ ಉಳಿದರೆ ಊರು ನೋಡಿದ ಹಾಗೂ ಆಯ್ತು, ಒಂದು ದ್ರಾಕ್ಷಿ ತೋಟಕ್ಕೆ ಹೋಗಿ ವೈನ್ ರುಚಿ ನೋಡಿದ ಹಾಗೂ ಆಯ್ತು. ಇಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರೂ ಒಪ್ಪುತ್ತಾರೆ. ಜಗಳ ಶುರುವಾಗುವುದು ಯಾವ ಊರಿಂದ ಹತ್ತೋದು ಅನ್ನುವಲ್ಲಿ.

ಮೆಡಿಟರೇನಿಯನ್ ಸಮುದ್ರದ ಕ್ರೂಸ್‌ಗಳಲ್ಲಿ ಈ ಆಯ್ಕೆ ನಿಜವಾಗಿಯೂ ನಿಮ್ಮ ಕೈಯಲ್ಲಿದೆ. ಪಶ್ಚಿಮ ಭಾಗದಲ್ಲಿ ಸುತ್ತುವ ಕೆಲವು ಏಳು ರಾತ್ರಿಯ ಹಡಗುಗಳನ್ನು ಬಾರ್ಸಿಲೋನಾದಲ್ಲೂ ಹತ್ತಬಹುದು, ರೋಮಿನ ಬಂದರಿನಲ್ಲೂ ಹತ್ತಬಹುದು. ಪೂರ್ವದ ಕಡೆ, ಗ್ರೀಸಿನ ದ್ವೀಪಗಳಿಗೆ ಹೋಗುವ ಹಡಗಾದರೆ ಅಥೆನ್ಸ್ ಅಥವಾ ವೆನಿಸ್.

ನಮ್ಮ ಮನೆಯ ಸಂಗತಿ ಮೊದಲೇ ಹೇಳಿಬಿಡುತ್ತೇನೆ. ವೈನ್ ಇಷ್ಟ ಇರುವುದು ನನಗೆ. ನಮ್ಮ ಯಜಮಾನರು ಮುಟ್ಟುವುದಿಲ್ಲ, ಮೇಲಾಗಿ ಸಸ್ಯಾಹಾರಿ. ಹಳೇ ಕಲ್ಲು, ಕಟ್ಟಡ ಕಂಡರೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ಹಾಗಾಗಿ ಈ ಹೋಲಿಕೆ ಎರಡು ತಲೆಗಳ ಲೆಕ್ಕದಲ್ಲಿ ಹುಟ್ಟಿದ್ದು.

ಮೊದಲು ಅಳತೆಗೋಲು

ಎರಡು ರಾತ್ರಿ ಅಂದ ಕೂಡಲೇ ಎರಡು ದಿನ ಇದೆ ಅಂದುಕೊಳ್ಳುತ್ತೇವೆ. ಇಲ್ಲ. ಗುರುವಾರ ವಿಮಾನ ಇಳಿದು, ಇಮಿಗ್ರೇಶನ್ ಸಾಲಿನಲ್ಲಿ ನಿಂತು, ಹೋಟೆಲಿಗೆ ಹೋಗಿ ಮುಖ ತೊಳೆಯುವಷ್ಟರಲ್ಲಿ ಸಂಜೆ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಬಂದರಿನಲ್ಲಿ ಇರಬೇಕು. ಪೂರ್ತಿ ಕೈಗೆ ಸಿಗುವುದು ಶುಕ್ರವಾರ ಒಂದೇ. ಅದರ ಜೊತೆಗೆ ಆಚೆ ಈಚೆ ಎರಡು ತುಂಡು. ಊರು, ವೈನ್ ಎರಡೂ ಈ ಒಂದೂವರೆ ದಿನದಲ್ಲಿ ಕೂರಬೇಕು.

ಹಾಗಾಗಿ ನಾನು ಮೊದಲು ನೋಡುವುದು ವಿಮಾನ ನಿಲ್ದಾಣ, ಬಂದರು, ದ್ರಾಕ್ಷಿ ತೋಟ, ಈ ಮೂರರ ನಡುವಿನ ದೂರ. ಎರಡನೆಯದು, ಕಾರಿಲ್ಲದೆ ತೋಟಕ್ಕೆ ಹೋಗಲು ಆಗುತ್ತದೆಯೇ ಅನ್ನುವುದು. ಸ್ಪೇನ್, ಇಟಲಿ, ಗ್ರೀಸ್ ಮೂರರಲ್ಲೂ ಕುಡಿದು ಓಡಿಸುವ ಮಿತಿ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ. ನಾಲ್ಕು ಬಗೆ ರುಚಿ ನೋಡಿದರೆ ಅದರ ಅಂಚಿಗೆ ಹೋಗಿಬಿಡಬಹುದು. ಗಂಡ ಕುಡಿಯೋದಿಲ್ಲ, ಓಡಿಸುತ್ತಾರೆ ಅಂತ ನಾನೂ ಒಮ್ಮೆ ಅಂದುಕೊಂಡಿದ್ದೆ. ನಿದ್ದೆಗೆಟ್ಟ ಕಣ್ಣು, ರಸ್ತೆಯ ಬಲಗಡೆ, ಗೊತ್ತಿಲ್ಲದ ಊರು. ಬೇಡ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ಹಡಗು ನಿಮಗೆ ಹೇಗಿದ್ದರೂ ತೋರಿಸುವ ಊರು ಯಾವುದು? ಅದಕ್ಕೆ ಈಗಲೇ ಯಾಕೆ ದಿನ ಕಳೆಯಬೇಕು? ಕೊನೆಗೆ ಊಟ, ಖರ್ಚು, ವೀಸಾ.

ಒಂದು ರಾತ್ರಿ ಸಾಲದೇ ಅಂತ ಕೇಳುವವರಿಗೆ ಉತ್ತರ: ನಮ್ಮ ಮೊದಲ ಕ್ರೂಸಿನಲ್ಲಿ ಒಂದೇ ರಾತ್ರಿ ಮುಂಚೆ ಹೋಗಿದ್ದೆವು. ದಾರಿಯಲ್ಲಿ ವಿಮಾನ ಬದಲಿಸುವಾಗ ಒಂದು ಸೂಟ್‌ಕೇಸ್ ಹಿಂದೆ ಉಳಿಯಿತು. ಅದು ಊರು ಸೇರುವಷ್ಟರಲ್ಲಿ ನಾವು ಸಮುದ್ರದಲ್ಲಿದ್ದೆವು. ನಮ್ಮ ಯಜಮಾನರು ನಾಲ್ಕು ದಿನ ಹಡಗಿನ ಅಂಗಡಿಯ ಟೀ ಶರ್ಟಿನಲ್ಲೇ ಓಡಾಡಿದರು. ಹಡಗು ಯಾರಿಗೂ ಕಾಯುವುದಿಲ್ಲ.

ಬಾರ್ಸಿಲೋನಾ: ವೈನ್ ಮುಖ್ಯ ಅನ್ನುವವರಿಗೆ

ದೂರದ ಲೆಕ್ಕದಲ್ಲಿ ಬಾರ್ಸಿಲೋನಾವನ್ನು ಮೀರಿಸುವ ಊರಿಲ್ಲ. ವಿಮಾನ ನಿಲ್ದಾಣದಿಂದ ಊರ ನಡುವಿಗೆ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ. ಬಂದರು ಊರಿಗೆ ಅಂಟಿಕೊಂಡೇ ಇದೆ. ಕೊಲಂಬಸ್ ಕಂಬದ ಹತ್ತಿರದಿಂದ ಹಡಗು ನಿಲ್ಲುವ ಕಡೆಗೆ ಬಸ್ ಹೋಗುತ್ತದೆ. ಟ್ಯಾಕ್ಸಿಯಾದರೆ ಇನ್ನೂ ಸಲೀಸು.

ವೈನಿಗೆ ಹೋಗಬೇಕಾದ್ದು ಪೆನೆದೆಸ್ ಸೀಮೆಗೆ. ಅಲ್ಲಿನ ಸಾಂತ್ ಸಾದುರ್ನಿ ದನೋಯಾ ಅನ್ನುವ ಪುಟ್ಟ ಊರು ಕಾವಾ ಎಂಬ ಗುಳ್ಳೆಯ ವೈನಿನ ತವರು. ಬಾರ್ಸಿಲೋನಾದಿಂದ ಆರ್4 ಲೋಕಲ್ ರೈಲು ಹತ್ತಿದರೆ ಮುಕ್ಕಾಲು ಗಂಟೆ. ಬೆಂಗಳೂರಿನಿಂದ ದೊಡ್ಡಬಳ್ಳಾಪುರದ ಕಡೆ ಹೋಗಿ ಬಂದಷ್ಟೇ ದೂರ, ಟ್ರಾಫಿಕ್ ಮಾತ್ರ ಇಲ್ಲ. ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟರೆ ಪಕ್ಕದಲ್ಲೇ ಕಾವಾ ಮಾಡುವ ಫ್ರೆಶೆನೆಟ್ ಕಂಪನಿಯ ಕಟ್ಟಡ. ಸ್ವಲ್ಪ ಆಚೆ ಇನ್ನೊಂದು ಕಂಪನಿ, ಕೊದೊರ್ನಿಯು. 1872ರಲ್ಲಿ ಆ ಮನೆತನದ ಜೋಸೆಪ್ ರವೆಂತೋಸ್ ಫ್ರಾನ್ಸಿನ ಶಾಂಪೇನ್ ಮಾಡುವ ಕ್ರಮವನ್ನೇ ಇಲ್ಲಿನ ದ್ರಾಕ್ಷಿಗೆ ಹಚ್ಚಿ ನೋಡಿದ. ಇವತ್ತಿನ ಕಾವಾ ಅಲ್ಲಿಂದ ಬಂದದ್ದು. ಆ ನೆಲಮಾಳಿಗೆಯ ಮೇಲಿನ ಕಟ್ಟಡ ಪುಯಿಗ್ ಇ ಕದಾಫಾಲ್ಕ್ ಎಂಬ ವಾಸ್ತುಶಿಲ್ಪಿಯದು. ಅವನು ಸಗ್ರಾದಾ ಫಮಿಲಿಯಾ ಚರ್ಚಿನ ವಾಸ್ತುಶಿಲ್ಪಿ ಗೌಡಿಯ ಕಾಲದವನು. ವೈನ್ ಬೇಡ ಅನ್ನುವ ಗಂಡ ಆ ಕಮಾನುಗಳ ಫೋಟೋ ತೆಗೆಯುತ್ತಾ ಒಂದು ಗಂಟೆ ಆರಾಮಾಗಿ ಕಳೆದುಬಿಡುತ್ತಾರೆ. ನನ್ನ ಅನುಭವ.

ಕಾವಾ ಮಾಡುವುದನ್ನು ನೋಡುವುದೇ ಒಂದು ಸೊಗಸು. ಮಕಬೇವೊ, ಶರೆಲ್ಲೊ, ಪರೆಯಾದಾ ಎಂಬ ಮೂರು ಬಿಳಿ ದ್ರಾಕ್ಷಿಗಳ ವೈನನ್ನು ಬಾಟಲಿಗೆ ತುಂಬಿ, ಸ್ವಲ್ಪ ಸಕ್ಕರೆ, ಯೀಸ್ಟ್ ಹಾಕಿ ಮುಚ್ಚುತ್ತಾರೆ. ಅದು ಬಾಟಲಿಯೊಳಗೇ ಇನ್ನೊಮ್ಮೆ ಹುದುಗುತ್ತದೆ. ದೋಸೆ ಹಿಟ್ಟಿನ ಪಾತ್ರೆಯನ್ನು ಬಿಗಿಯಾಗಿ ಮುಚ್ಚಿಟ್ಟು ನೋಡಿದವರಿಗೆ ಒತ್ತಡ ಎಲ್ಲಿಂದ ಬರುತ್ತೆ ಅಂತ ಹೇಳಬೇಕಾಗಿಲ್ಲ. ಕನಿಷ್ಠ 9 ತಿಂಗಳು ಹಾಗೇ ಇಡಬೇಕು. ರಿಸೆರ್ವಾ ಅಂತ ಹೆಸರು ಬರೆಯಬೇಕಾದರೆ 18, ಗ್ರಾನ್ ರಿಸೆರ್ವಾ ಆದರೆ 30 ತಿಂಗಳು. ರುಚಿ ನೋಡುವಾಗ ಈ ಮೂರನ್ನೂ ಸಾಲಾಗಿ ಕೇಳಿ. ಮೊದಲನೆಯದು ಹಸಿ ಸೇಬಿನ ಹಾಗೆ, ಕೊನೆಯದರಲ್ಲಿ ಸುಟ್ಟ ಬ್ರೆಡ್ಡಿನ ವಾಸನೆ. ನಂದಿ ಬೆಟ್ಟದ ತಪ್ಪಲಿನ ವೈನರಿಗೆ ಭಾನುವಾರ ಹೋಗಿ ಬಂದ ಅನುಭವ ಇದ್ದರೆ ಇಲ್ಲಿ ಹೊಸದಾಗಿ ಕಲಿಯಲು ಬಹಳ ಇದೆ.

ಖರ್ಚು ಅಷ್ಟೇನೂ ಇಲ್ಲ. ದೊಡ್ಡ ಕಂಪನಿಗಳಲ್ಲಿ ಸಾದಾ ಟೂರ್ ಮತ್ತು ರುಚಿಗೆ ತಲಾ 20ರಿಂದ 30 ಯೂರೋ ಇಟ್ಟುಕೊಳ್ಳಿ. ಯೂರೋಗೆ 100 ರೂಪಾಯಿ ಅಂತ ಹಿಡಿದರೆ ಲೆಕ್ಕ ಸುಲಭ. ಬೆಳಗ್ಗೆ 9ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಊರಿಗೆ ವಾಪಸ್. ಸಂಜೆ ಸಗ್ರಾದಾ ಫಮಿಲಿಯಾ. 1882ರಲ್ಲಿ ಶುರುವಾದ ಆ ಚರ್ಚಿಗೆ ಟಿಕೆಟನ್ನು ಆನ್‌ಲೈನಿನಲ್ಲಿ, ಗಂಟೆ ಗೊತ್ತುಮಾಡಿಯೇ ತೆಗೆದುಕೊಳ್ಳಬೇಕು. ಇಳಿಬಿಸಿಲಿಗೆ ಪಶ್ಚಿಮದ ಕಿಟಕಿಗಳ ಕೆಂಪು, ಕಿತ್ತಳೆ ಬಣ್ಣ ಒಳಗೆಲ್ಲ ಚೆಲ್ಲುತ್ತದೆ. ಸಂಜೆಯ ಟಿಕೆಟನ್ನೇ ಹಿಡಿಯಿರಿ.

ಕೊರತೆ ಇಲ್ಲವೇ? ಇದೆ. ಲೋಕಲ್ ರೈಲು ಕೈಕೊಡುವುದುಂಟು, ಕಾಮಗಾರಿ ಅಂತ ನಡುವೆ ಬಸ್ಸಿಗೆ ಹತ್ತಿಸುವುದೂ ಉಂಟು. ಹೊರಡುವ ದಿನ ಬೆಳಗ್ಗೆ ಒಮ್ಮೆ ನೋಡಿಕೊಳ್ಳಿ. ಜೇಬುಗಳ್ಳರ ವಿಷಯ ಎಲ್ಲರೂ ಹೇಳುತ್ತಾರೆ, ಸುಮ್ನೆ ಹೇಳುವುದಲ್ಲ. ಊಟದಲ್ಲಿ ಎಲ್ಲ ಕಡೆ ಹಂದಿ ಮಾಂಸ. ಟೊಮ್ಯಾಟೊ ಉಜ್ಜಿದ ಬ್ರೆಡ್ಡು, ಎಸ್ಕಲಿವಾದಾ ಎಂಬ ಸುಟ್ಟ ಬದನೆಕಾಯಿ ಮತ್ತು ದೊಣ್ಣೆಮೆಣಸಿನಕಾಯಿ, ಖಾರದ ಸಾಸಿನ ಆಲೂಗಡ್ಡೆ, ಇಷ್ಟರಲ್ಲಿ ಸಸ್ಯಾಹಾರಿ ಬದುಕಬಹುದು. ಎಸ್ಕಲಿವಾದಾ ಮೇಲೆ ಕೆಲವರು ಮೀನಿನ ತುಂಡು ಇಡುತ್ತಾರೆ, ಕೇಳಿಯೇ ತರಿಸಿ.

ರೋಮ್: ಊರು ಮುಖ್ಯ, ವೈನ್ ಆಮೇಲೆ ಅನ್ನುವವರಿಗೆ

ಟಿಕೆಟಿನ ಮೇಲೆ ರೋಮ್ ಅಂತ ಇರುತ್ತದೆ. ಹಡಗು ಇರುವುದು ಚಿವಿತಾವೆಕ್ಕಿಯಾದಲ್ಲಿ, ರೋಮಿನಿಂದ ಸುಮಾರು 70-80 ಕಿಲೋಮೀಟರ್. ಬೆಂಗಳೂರಿನಿಂದ ಅಂತ ಹೇಳಿ ತುಮಕೂರಿನಲ್ಲಿ ಬಸ್ ಹತ್ತಿಸಿದ ಹಾಗೆ. ಟೆರ್ಮಿನಿ ಸ್ಟೇಷನ್ನಿನಿಂದ ಲೋಕಲ್ ರೈಲಿಗೆ ಸುಮಾರು 5 ಯೂರೋ, ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಬಂದರಿನ ಬಸ್. ಎರಡು ದೊಡ್ಡ ಸೂಟ್‌ಕೇಸ್ ಇದ್ದವರು ಇದನ್ನು ಓದಿ ನಿಟ್ಟುಸಿರು ಬಿಟ್ಟಿರುತ್ತೀರಿ. ಕಾರು ಮಾಡಿಸಿಕೊಂಡರೆ 100 ಯೂರೋ ದಾಟುತ್ತದೆ.

ವೈನಿಗೆ ಫ್ರಾಸ್ಕಾತಿ. ಟೆರ್ಮಿನಿಯಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ, ಟಿಕೆಟ್ಟಿಗೆ ಎರಡು ಮೂರು ಯೂರೋ. ಹಳೆಯ ಜ್ವಾಲಾಮುಖಿಯ ಮಣ್ಣಿನ ಗುಡ್ಡದ ಮೇಲಿನ ಊರು. ಮಲ್ವಾಸಿಯಾ ದ್ರಾಕ್ಷಿಯ ಬಿಳಿ ವೈನ್, ಹಗುರ, ಬೇಸಿಗೆಯ ಮಧ್ಯಾಹ್ನಕ್ಕೆ ಚೆನ್ನ. ಅಲ್ಲಿನ ಪುಟ್ಟ ವೈನ್ ಅಂಗಡಿಗಳಿಗೆ ಫ್ರಸ್ಕೆತ್ತಾ ಅಂತಾರೆ. ಹೊಸ ವೈನ್ ಬಂದಿದೆ ಅಂತ ತಿಳಿಸಲು ಹಿಂದೆ ಬಾಗಿಲಿಗೆ ಎಲೆಯ ಕೊಂಬೆ ಕಟ್ಟುತ್ತಿದ್ದರಂತೆ, ಹೆಸರು ಬಂದದ್ದು ಅದರಿಂದ. ತಿನ್ನುವುದನ್ನು ಹೊರಗಿಂದ ಕಟ್ಟಿಸಿಕೊಂಡು ಬಂದು, ವೈನ್ ಮಾತ್ರ ಅಲ್ಲಿ ಕೊಳ್ಳುವುದು ಹಳೇ ಪದ್ಧತಿ. ಖರ್ಚಿನಲ್ಲಿ ನಾಲ್ಕೂ ಊರುಗಳ ಪೈಕಿ ಇದೇ ಅಗ್ಗ.

ನಿಜ ಹೇಳಬೇಕೆಂದರೆ, ಫ್ರಾಸ್ಕಾತಿ ವೈನ್ ಕುಡಿದು ಖುಷಿಯಾಗಿ ಮರೆಯುವಂಥದ್ದು. ಕಾವಾ ಅಥವಾ ಗ್ರೀಸಿನ ನೆಮೆಯಾದ ಕೆಂಪು ವೈನಿನ ಹಾಗೆ ಮನಸ್ಸಿನಲ್ಲಿ ಕೂರುವುದಿಲ್ಲ. ಹಾಗಾದರೆ ರೋಮ್ ಯಾಕೆ? ಇಲ್ಲಿ ಮೂರನೆಯ ಅಳತೆಗೋಲು ಕೆಲಸಕ್ಕೆ ಬರುತ್ತದೆ.

ಪಶ್ಚಿಮದ ಸುತ್ತಿನ ಹಡಗು ಎರಡೂ ಕಡೆ ನಿಲ್ಲುತ್ತದೆ. ನೀವು ಬಾರ್ಸಿಲೋನಾದಲ್ಲಿ ಹತ್ತಿದರೆ ರೋಮನ್ನು ನೋಡಬೇಕಾದ್ದು ಹಡಗು ನಿಂತ ಒಂದು ಹಗಲಿನಲ್ಲಿ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ನಡುವೆ ಕೊಲೋಸಿಯಂ, ವ್ಯಾಟಿಕನ್ ಅಂತ ಓಡು. ಅದೇ ರೋಮಿನಲ್ಲಿ ಹತ್ತಿದಿರಿ ಅನ್ನಿ. ಹಡಗು ಬಾರ್ಸಿಲೋನಾದಲ್ಲಿ ನಿಂತಾಗ ಇಳಿದ ಅರ್ಧ ಗಂಟೆಗೆ ಊರೊಳಗೆ ಇರುತ್ತೀರಿ. ಬರೀ ಊರು ನೋಡುವ ಲೆಕ್ಕದಲ್ಲಿ ರೋಮಿನಲ್ಲಿ ಮಲಗಿ ಬಾರ್ಸಿಲೋನಾವನ್ನು ಹಡಗಿನಿಂದ ನೋಡುವುದೇ ಜಾಣತನ. ಆದರೆ ಹಡಗು ನಿಂತ ದಿನ ರೈಲು ನಂಬಿಕೊಂಡು ಪೆನೆದೆಸ್‌ಗೆ ಹೋಗುವ ಧೈರ್ಯ ನನಗಿಲ್ಲ. ಅಂದರೆ ಒಳ್ಳೆಯ ವೈನ್ ಬೇಕಾದರೆ ಬಾರ್ಸಿಲೋನಾ, ರೋಮ್ ಇದುವರೆಗೆ ನೋಡಿಲ್ಲವಾದರೆ ರೋಮ್. ಒಂದನ್ನು ಕೊಟ್ಟೇ ಇನ್ನೊಂದನ್ನು ಪಡೆಯಬೇಕು.

ವಾರದ ದಿನವನ್ನೂ ನೋಡಿ. ವ್ಯಾಟಿಕನ್ ಮ್ಯೂಸಿಯಂ ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ಮುಚ್ಚಿರುತ್ತದೆ. ಕೊಲೋಸಿಯಂಗೂ ಗಂಟೆ ಗೊತ್ತುಮಾಡಿದ ಟಿಕೆಟ್. ಪಾಸ್ತಾ, ಪಿಜ್ಜಾ ಇರುವುದರಿಂದ ಸಸ್ಯಾಹಾರಿಗೆ ಹೊಟ್ಟೆಗೇನೂ ಕಮ್ಮಿಯಿಲ್ಲ. ರೋಮಿನವರು ಪಾಸ್ತಾ ಮೇಲೆ ತುರಿಯುವ ಪೆಕೊರಿನೊ ಚೀಸ್ ಹೆಪ್ಪುಗಟ್ಟಿಸಲು ಕುರಿಮರಿಯ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಕಟ್ಟುನಿಟ್ಟಿನವರಿಗೆ ಇದು ಗೊತ್ತಿರಲಿ.

ಅಥೆನ್ಸ್: ಇಬ್ಬರೂ ಒಂದೇ ದಿನ ಖುಷಿಯಾಗಬೇಕಾದರೆ

ಅಥೆನ್ಸ್ ವಿಮಾನ ನಿಲ್ದಾಣದಿಂದ ಮೆಟ್ರೊ ನೇರ ಪಿರೇಯಸ್ ಬಂದರಿನವರೆಗೆ ಹೋಗುತ್ತದೆ, ನಡುವೆ ಊರಿನಲ್ಲಿ ನಿಲ್ಲುತ್ತದೆ. 2022ರಿಂದ ಈ ಅನುಕೂಲ. ನಮ್ಮ ಗಡಿಯಾರಕ್ಕೂ ಬೇಸಿಗೆಯಲ್ಲಿ ಎರಡೂವರೆ ಗಂಟೆಯಷ್ಟೇ ವ್ಯತ್ಯಾಸ. ಸ್ಪೇನ್, ಇಟಲಿಗಿಂತ ಒಂದು ಗಂಟೆ ಕಮ್ಮಿ. ನಡು ರಾತ್ರಿ ಕಣ್ಣು ಬಿಟ್ಟುಕೊಂಡು ಮಲಗಿರುವ ಕಷ್ಟ ಸ್ವಲ್ಪ ಇಳಿಯುತ್ತದೆ.

ವೈನಿಗೆ ಎರಡು ದಾರಿ. ಹತ್ತಿರದ್ದು ಮೆಸೊಗಿಯಾ. ವಿಮಾನ ನಿಲ್ದಾಣ ಇರುವುದೇ ಆ ದ್ರಾಕ್ಷಿ ಸೀಮೆಯ ನಡುವೆ. ಸವತಿಯಾನೊ ಎಂಬ ಬಿಳಿ ದ್ರಾಕ್ಷಿ, ಅದರಿಂದಲೇ ರೆತ್ಸಿನಾ. ಪೈನ್ ಮರದ ಅಂಟು ಹಾಕಿ ಮಾಡುವ ಈ ವೈನಿನ ಮೊದಲ ಗುಟುಕಿಗೆ ಬಾಯಲ್ಲಿ ಪಚ್ಚಕರ್ಪೂರ ಬಿದ್ದ ಹಾಗಾಗುತ್ತದೆ. ಎರಡನೆಯ ಲೋಟಕ್ಕೆ ಇಷ್ಟವಾಗಬಹುದು, ಜನ್ಮದಲ್ಲಿ ಬೇಡ ಅನ್ನಿಸಲೂಬಹುದು. ನನಗೆ ಇಷ್ಟವಾಯಿತು.

ದೂರದ್ದು ನೆಮೆಯಾ. ಸುಮಾರು 120 ಕಿಲೋಮೀಟರ್, ರಸ್ತೆಯಲ್ಲಿ ಒಂದೂವರೆ ಗಂಟೆಯ ದಾರಿ. ಅಗಿಯೋರ್ಗಿಟಿಕೊ ಎಂಬ ಕೆಂಪು ದ್ರಾಕ್ಷಿಯ ನಾಡು. ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್ ಸಿಂಹವನ್ನು ಕೊಂದ ಕತೆ ನಡೆಯುವುದು ಇಲ್ಲೇ. ಈ ವೈನಿಗೆ ಅವನ ರಕ್ತ ಅಂತಲೇ ಅಡ್ಡ ಹೆಸರು. ದಾರಿಯಲ್ಲಿ 1893ರಲ್ಲಿ ತೆರೆದ ಕೊರಿಂತ್ ಕಾಲುವೆ, ಬಂಡೆ ಸೀಳಿ ಮಾಡಿದ ಆರು ಚಿಲ್ಲರೆ ಕಿಲೋಮೀಟರ್ ಉದ್ದದ ಗೀರು. ತೋಟದಿಂದ ಸ್ವಲ್ಪ ದೂರದಲ್ಲಿ ಮೈಸಿನಿ ಎಂಬ ಪ್ರಾಚೀನ ಕೋಟೆಯ ಊರು, ಅದರ ಸಿಂಹದ್ವಾರಕ್ಕೆ 3,200 ವರ್ಷಕ್ಕಿಂತ ಹೆಚ್ಚು ವಯಸ್ಸು. ಊರು ನೋಡುವವರು, ವೈನ್ ಕುಡಿಯುವವರು ಇಬ್ಬರಿಗೂ ಒಂದೇ ದಾರಿಯಲ್ಲಿ ಕೆಲಸ ಆಗುವುದು ನಾಲ್ಕು ಊರುಗಳಲ್ಲಿ ಇದೊಂದೇ ಕಡೆ. ನಮ್ಮ ಯಜಮಾನರು ಇವತ್ತಿಗೂ ಹೊಗಳುವುದು ಈ ದಿನವನ್ನೇ.

ಬೆಲೆ ತೆರಬೇಕಾದ್ದು ಹಣದಲ್ಲಿ. ರೈಲು ಇಲ್ಲ, ಬಸ್ಸು ನಂಬಿದರೆ ದಿನ ಹೋಯ್ತು. ಟೂರ್ ಗುಂಪಿನ ಜೊತೆ ಹೋಗಬೇಕು, ಇಲ್ಲವೇ ಡ್ರೈವರ್ ಸಮೇತ ಕಾರು ಮಾಡಬೇಕು. ಬಾರ್ಸಿಲೋನಾದಲ್ಲಿ ಇಬ್ಬರೂ 100 ಯೂರೋ ಒಳಗೆ ಮುಗಿಸುವ ವೈನ್ ದಿನ ಇಲ್ಲಿ ಅದರ ಮೂರು ನಾಲ್ಕು ಪಟ್ಟು ಆಗಬಹುದು. ಇನ್ನೊಂದು ಜೋಡಿ ಸಿಕ್ಕರೆ ಕಾರಿನ ಖರ್ಚು ಹಂಚಿಕೊಳ್ಳಿ. ಗುಡ್ಡದ ಮೇಲಿನ ಹಳೇ ದೇಗುಲಗಳ ಆಕ್ರೊಪೊಲಿಸ್‌ಗೆ 2025ರ ಏಪ್ರಿಲ್‌ನಿಂದ ತಲಾ 30 ಯೂರೋ. ಗುರುವಾರ ಸಂಜೆ ಅಥವಾ ಶನಿವಾರ ಬೆಳಗ್ಗೆ ಮೊದಲ ಗಂಟೆಗೆ ಹೋಗಿ. ಜುಲೈ, ಆಗಸ್ಟಿನಲ್ಲಿ ಬಿಸಿಲು ಮಿತಿ ಮೀರಿದರೆ ಮಧ್ಯಾಹ್ನ ಅದನ್ನು ಮುಚ್ಚಿಬಿಡುತ್ತಾರೆ.

ಊಟದಲ್ಲಿ ಮಾತ್ರ ಅಥೆನ್ಸ್ ನಮ್ಮವರಿಗೆ ಮನೆ. ಆರ್ಥಡಾಕ್ಸ್ ಚರ್ಚಿನವರಿಗೆ ವರ್ಷದಲ್ಲಿ ಉಪವಾಸದ ದಿನಗಳು ಬಹಳ. ಆಗ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಹಾಗಾಗಿ ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಕಾಳು, ಅನ್ನ ತುಂಬಿದ ಟೊಮ್ಯಾಟೊ ಎಲ್ಲ ಹೋಟೆಲಿನಲ್ಲೂ ಇರುತ್ತದೆ. ಬೆಂಡೆಕಾಯಿ ಕೂಡ ಸಿಗುತ್ತದೆ!

ನಿಮ್ಮ ಹಡಗು ಸಾಂತೊರಿನಿಯಲ್ಲಿ ಇಡೀ ದಿನ ನಿಲ್ಲುವುದಾದರೆ ಲೆಕ್ಕ ಬದಲಾಗುತ್ತದೆ. ಅಲ್ಲಿ ಗಾಳಿಯ ಹೊಡೆತ ತಪ್ಪಿಸಲು ಬಳ್ಳಿಯನ್ನು ಬುಟ್ಟಿಯ ಹಾಗೆ ನೆಲದ ಮೇಲೆ ಸುತ್ತಿ ಬೆಳೆಸುತ್ತಾರೆ. ಆಸಿರ್ತಿಕೊ ಎಂಬ ಅಲ್ಲಿನ ಬಿಳಿ ವೈನ್ ಉಪ್ಪು, ನಿಂಬೆಹಣ್ಣಿನ ನೆನಪು ತರುತ್ತದೆ. ವೈನನ್ನು ಅಲ್ಲಿಗೆ ಬಿಟ್ಟು ಅಥೆನ್ಸಿನ ದಿನವನ್ನು ಪೂರ್ತಿ ಊರಿಗೆ ಕೊಡಬಹುದು. ಬಂದರಿನಿಂದ ಮೇಲಿನ ಊರಿಗೆ ಹೋಗುವ ಕೇಬಲ್ ಕಾರಿನ ಸಾಲು ಬಹಳ ಉದ್ದ ಇರುತ್ತದೆ, ಬೆಳಗ್ಗೆ ಬೇಗ ಇಳಿಯುವವರಿಗೆ ಮಾತ್ರ ಈ ಮಾತು.

ವೆನಿಸ್: ಮೂರು ರಾತ್ರಿ ಇದ್ದರೆ ಮಾತ್ರ

2021ರಿಂದ ದೊಡ್ಡ ಹಡಗುಗಳು ವೆನಿಸ್ ಊರ ನಡುವಿನ ಕಾಲುವೆಗೆ ಬರುವ ಹಾಗಿಲ್ಲ. ಕೆಲವು ಮಾರ್ಗೆರಾದಲ್ಲಿ ನಿಲ್ಲುತ್ತವೆ, ಹಲವು ರವೆನ್ನಾ ಅಥವಾ ತ್ರಿಯೆಸ್ತೆಯಿಂದ ಹೊರಡುತ್ತವೆ. ರವೆನ್ನಾ ಅಂದರೆ ಬೆಂಗಳೂರಿನಿಂದ ಮೈಸೂರಿಗೆ ಹೋದಷ್ಟು ದೂರ. ದುಡ್ಡು ಕಟ್ಟುವ ಮುಂಚೆ ಬಂದರಿನ ಹೆಸರು ಓದಿ, ಬ್ರೋಷರ್ ಮೇಲಿನ ಚಿತ್ರ ನೋಡಬೇಡಿ.

ವೈನ್ ಇಲ್ಲಿ ಪ್ರೊಸೆಕ್ಕೊ. ಕೊನೆಲ್ಯಾನೊ ಊರಿಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. ಅಲ್ಲಿಂದ ವಾಲ್ದೊಬ್ಬಿಯಾದೆನೆವರೆಗಿನ ಕಡಿದಾದ ಗುಡ್ಡಗಳು 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ಗುಡ್ಡ ಸುತ್ತಲು ಮತ್ತೆ ವಾಹನ ಬೇಕು. ಇದರ ಗುಳ್ಳೆ ಹುಟ್ಟುವುದು ಬಾಟಲಿಯಲ್ಲಲ್ಲ, ದೊಡ್ಡ ತೊಟ್ಟಿಯಲ್ಲಿ. ಹಾಗಾಗಿ ರುಚಿ ಹಣ್ಣಿನದು, ಬೆಲೆಯೂ ಹಗುರ. ವೆನಿಸ್ ಊರಿಗೆ ಒಂದು ದಿನ, ಗುಡ್ಡಕ್ಕೆ ಒಂದು ದಿನ, ಬಂದರಿಗೆ ಅರ್ಧ ದಿನ. ಎರಡು ರಾತ್ರಿಯಲ್ಲಿ ಆಗದ ಮಾತು. ಹೋಟೆಲ್ ದರವನ್ನಂತೂ ಬಾಯಿಬಿಟ್ಟು ಹೇಳುವುದು ಬೇಡ.

ವೀಸಾ ಮತ್ತು ಬಾಟಲಿ

ಯೂರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾವನ್ನು ಹೆಚ್ಚು ದಿನ ಇರುವ ದೇಶದ ಮೂಲಕ ಕೇಳಬೇಕು, ದಿನ ಸಮ ಆದರೆ ಮೊದಲು ಕಾಲಿಡುವ ದೇಶ. ನೀವು ಮುಂಚೆ ಉಳಿಯುವ ಎರಡು ರಾತ್ರಿ ಈ ಲೆಕ್ಕವನ್ನು ತಿರುಗಿಸಿಬಿಡಬಹುದು. ಹಾಗಾಗಿ ಊರು ಗಟ್ಟಿ ಮಾಡಿಕೊಂಡು ಆಮೇಲೆ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಬೇಸಿಗೆಗೆ ಹೋಗುವವರು ತಿಂಗಳುಗಟ್ಟಲೆ ಮುಂಚೆ ಶುರುಮಾಡಿ. ಹಡಗು ಟರ್ಕಿ ಅಥವಾ ಮಾಂಟೆನೆಗ್ರೊಗೆ ಹೋಗಿ ವಾಪಸ್ ಬರುವುದಿದ್ದರೆ ಒಂದೇ ಸಲದ ಪ್ರವೇಶದ ವೀಸಾ ಸಾಲದು, ಹಲವು ಸಲದ್ದು ಬೇಕು. ಈ ದೇಶಗಳಿಗೆ ಬೇರೆ ವೀಸಾ ಬೇಕೇ ಅಂತ ಹಡಗಿನ ಕಂಪನಿಯನ್ನು ಕೇಳಿ.

ತೋಟದಲ್ಲಿ ಬಾಟಲಿ ಇಷ್ಟವಾಯಿತು, ಕೊಳ್ಳಬಹುದೇ? ಹಲವು ಹಡಗುಗಳು ಹತ್ತುವ ದಿನ ದೊಡ್ಡವರಿಗೆ ತಲಾ ಒಂದು 750 ಮಿಲಿಲೀಟರ್ ಬಾಟಲಿ ಒಯ್ಯಲು ಬಿಡುತ್ತವೆ. ರೂಮಿನ ಹೊರಗೆ ಕುಡಿದರೆ ಬಿರಡೆ ತೆಗೆದದ್ದಕ್ಕೆ ಅಂತ ದುಡ್ಡು ಕೇಳುವವರೂ ಇದ್ದಾರೆ. ನಡುವಿನ ಬಂದರುಗಳಲ್ಲಿ ಕೊಂಡದ್ದನ್ನು ಸಾಮಾನ್ಯವಾಗಿ ತೆಗೆದಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ತಲಾ 2 ಲೀಟರ್, ಅಂದರೆ ಎರಡೆರಡು ಬಾಟಲಿ. ಕುಡಿಯದ ಗಂಡನ ಪಾಲೂ ಲೆಕ್ಕಕ್ಕೆ ಬರುತ್ತದೆ. ಬಾಟಲಿಗೆ ಕಾಲುಚೀಲ ತೊಡಿಸಿ, ನಡುವೆ ಬಟ್ಟೆ ತುರುಕಿ, ಚೆಕ್‌ಇನ್ ಪೆಟ್ಟಿಗೆಗೇ ಹಾಕಿ.